ಹೆಬ್ಬಾತಿನ ಕತ್ತು

ಓಟ್ಸ್ ಗಂಜಿ ತಳ ಹಿಡಿಯುತ್ತಿದೆ, ವಾಸನೆ ಮೂಗಿಗೆ ಬಡಿಯುತ್ತಿದೆ, ಸೌಟು ಕೈಯಲ್ಲೇ ಇದೆ, ಆದರೂ ತಿರುವಲಾಗುತ್ತಿಲ್ಲ, ಟ್ಯಾಬಿ ಆ ಲಕೋಟೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ನಿಂತಿದ್ದಾಳೆ, ಅಮ್ಮಾ ಇಲ್ನೋಡು, ಹೆಬ್ಬಾತಿನ ಕತ್ತಿಂದ ಮಸಿ ಸೋರ್ತಿದೆ, ಅಂಚು ಹಿಡ್ಕೋ ಮಗಳೇ, ಬೆರಳು ತಾಗಿಸ್ಬೇಡ, ಎನ್ನುತ್ತಲೇ ಹತ್ತಿರ ಹೋದೆ, ಈ ವಾರವಿಡೀ ಅಂಚೆಚೀಟಿ ಪ್ರದರ್ಶನದ ಹಾಳೆಗೆ ಕೂರಿಸಲು ಹೆಣಗಿದ ಹೆಬ್ಬಾತಿನ ಮುದ್ರೆಯ ಹಳೆಯ ಲಕೋಟೆ, ದೀಪದಡಿ ಕಾಣದ್ದು ಓರೆ ಬಿಸಿಲಿನಲ್ಲಿ ಕಂಡಿತು — ಮಡಿಕೆ ಹೆಬ್ಬಾತಿನ ಕತ್ತನ್ನು ದಾಟುವಲ್ಲಿ ಮಸಿ ಮಡಿಕೆಯೊಳಗೆ ಇಳಿದು ಕಪ್ಪು ಗೀಟಾಗಿ ಹರಿದಿದೆ. ಮುದ್ರೆ ಬಿದ್ದ ಮೇಲೆ ಮಡಿಸಿದ್ದರೆ ಮಸಿ ಬಿರಿದು ಅಲ್ಲೊಂದು ಬಿಳಿ ಗೆರೆ ಬೀಳಬೇಕಿತ್ತು, ಇಲ್ಲಿ ಮಡಿಕೆ ಮಸಿಯನ್ನು ಹೀರಿದೆ, ಅಂದರೆ ಕಾಗದ ಮಡಿಸಿ ಎಷ್ಟೋ ಕಾಲದ ಮೇಲೆ ಯಾರೋ ಒತ್ತಿದ್ದು, ಇದನ್ನು ಕಲಿಸಿದ್ದು ಅಪ್ಪನೇ, ಇದೇ ಮೇಜಿನ ಮೇಲೆ, ಮುದ್ರೆ ನೋಡಿ ಮರುಳಾಗ್ಬೇಡ ಲಾರ್ನಾ, ಮುದ್ರೆಗೆ ಸುಳ್ಳು ಹೇಳೋಕ್ ಬರುತ್ತೆ, ಮಡಿಕೆಗೆ ಬರಲ್ಲ. ಒಲೆ ಆರಿಸು. ಮೊದಲು ಒಲೆ ಆರಿಸು.

ವರ್ಮಾಂಟಿನ ಈ ಮೂಲೆಯ ಊರಿನಲ್ಲಿ ನೂರು ವರ್ಷದ ಹಿಂದೆ ಪೋಸ್ಟ್‌ಮಾಸ್ತರನೊಬ್ಬ ಬಾಟಲಿಯ ಬಿರಡೆಯಲ್ಲಿ ಹೆಬ್ಬಾತು ಕೆತ್ತಿ ಅದನ್ನೇ ಮಸಿಯಲ್ಲಿ ಅದ್ದಿ ಒತ್ತಿ ಅಂಚೆಚೀಟಿ ರದ್ದು ಮಾಡುತ್ತಿದ್ದನಂತೆ, ಹಳೆಯ ಪತ್ರಿಕೆಯಲ್ಲೊಂದು ರೇಖಾಚಿತ್ರ ಬಿಟ್ಟರೆ ಕಂಡವರಿಲ್ಲ, ಅಪ್ಪ ಅಮ್ಮ ಇಬ್ಬರೂ ಮದುವೆಯಾದಾಗಿನಿಂದ ಅದರ ಬೆನ್ನು ಹತ್ತಿದ್ದರು, ಅವರಿವರ ಅಟ್ಟ, ಬೂಟಿನ ಡಬ್ಬಿ, ಕೊಟ್ಟಿಗೆ ಹರಾಜು, ಕೊನೆಗೆ ಅಮ್ಮ ಹಾಸಿಗೆ ಹಿಡಿದ ಚಳಿಗಾಲದಲ್ಲಿ ಅಪ್ಪ ಹಿಮ ಕೊಡವುತ್ತ ಬಂದ, ಸಿಕ್ತು ಕಣೇ, ಅಂದ. ಅಮ್ಮ ಅದನ್ನು ನೀರಿನ ಲೋಟಕ್ಕೆ ಒರಗಿಸಿಟ್ಟುಕೊಂಡಳು, ಕಳ್ಳ ಹಕ್ಕಿ, ಎಲ್ಲಡಗಿದ್ಯೇ ಇಷ್ಟು ದಿನ, ಅವಳು ಹೋಗುವವರೆಗೂ ಅದು ಅಲ್ಲಿಂದ ಕದಲಲಿಲ್ಲ — ಆಗಲೇ ಅಲ್ಲವೇ ಆಲೂಗಡ್ಡೆಗೆಂದು ನೆಲಮಾಳಿಗೆಗೆ ಇಳಿದಾಗ ಅಪ್ಪನ ಉಳಿಯ ಪಕ್ಕ ಬಿರಡೆಯ ಪುಡಿ ಕಂಡದ್ದು, ಸೇಬಿನ ರಸ ಬಾಟಲಿಗೆ ತುಂಬುತ್ತಿದ್ದಾನೆ ಅಂದುಕೊಂಡು ಗುಡಿಸಿ ಬಿಟ್ಟೆ, ನಾನೇ ಗುಡಿಸಿದೆ, ಅಮ್ಮನ ಕಣ್ಣು ನಮ್ಮಿಬ್ಬರಿಗಿಂತ ಚುರುಕು, ಅವಳಿಗೆ ಆ ಕಪ್ಪು ಗೀಟು ಕಾಣಲಿಲ್ಲವೇ.

ಈಗ ಹಾಳೆಗಳನ್ನು ಒಯ್ಯಲು ಯೂನಿಸ್ ಪ್ಲಮ್ಲಿ ಬರುತ್ತಾಳೆ, ಸಂಗ್ರಾಹಕರ ಸಂಘದ ಕಾರ್ಯದರ್ಶಿ, ನಿನ್ನೆ ಫೋನಿನಲ್ಲಿ ನಗುತ್ತಿದ್ದಳು, ನಿಮ್ಮಪ್ಪನ ಹೆಬ್ಬಾತು ಬಂದ್ರೆ ನಮ್ದೆಲ್ಲ ನಾಟಿ ಕೋಳಿಗಳೇ ಬಿಡಮ್ಮಾ. ಇಲ್ಲ, ಇದು ಹೊಸ್ತಿಲು ದಾಟಕೂಡದು. ತೀರ್ಪುಗಾರರು ಹಿಡಿದರೆ, ಜೀವನವಿಡೀ ಕಂಡವರ ಖೋಟಾ ಮುದ್ರೆ ಬಯಲಿಗೆಳೆದ ಅಪ್ಪ, ಆಮಸ್ ವಿಟ್‌ಕೊಂಬ್, ಎಲ್ಲರೆದುರು ತಲೆ ತಗ್ಗಿಸಿ ನಿಲ್ಲಬೇಕು, ಹಿಡಿಯದಿದ್ದರೆ ಅದಕ್ಕಿಂತ ಕೆಟ್ಟದ್ದು, ನಾಳೆ ಇನ್ನಾರದೋ ಮಗಳು ಇದನ್ನೇ ನಿಜದ ಹೆಬ್ಬಾತು ಎಂದು ಕಲಿಯುತ್ತಾಳೆ. ಖಾಲಿ ಜಾಗಕ್ಕೆ ಗಂಟೆಯ ಚಿತ್ರದ ಮುದ್ರೆಯಿರುವ ಇನ್ನೊಂದು ಲಕೋಟೆಯನ್ನು ಕೂರಿಸು, ಮೂಲೆಗಳನ್ನು ಒತ್ತು, ಯೂನಿಸ್‌ಗೆ ಕಾಫಿ ಕೊಟ್ಟು ಹೆಬ್ಬಾತು ಬರುವುದಿಲ್ಲ ಎಂದರಾಯಿತು, ಅವಳಿಗೆ ಹೇಳುವುದು ಸುಲಭ, ಅಪ್ಪನಿಗೆ ಹೇಳಬೇಕು, ಅವನು ಕೋಟು ಹಾಕಿಕೊಳ್ಳುವ ಮೊದಲೇ ಹೇಳಬೇಕು, ಹೇಳಿಯೇ ತೀರುತ್ತೇನೆ. ಮೆಟ್ಟಿಲ ಮೇಲೆ ಅಪ್ಪನ ಹೆಜ್ಜೆ. ನುಣ್ಣಗೆ ಗಡ್ಡ ಹೆರೆದುಕೊಂಡಿದ್ದಾನೆ, ಟೈ ಕಟ್ಟಿದ್ದಾನೆ, ಏನೇ ಸೀದಿದ್ದು, ತೀರ್ಪುಗಾರರಿಗೆ ಬಡಿಸೋಕಾ, ಎಂದು ಕೂತವನ ಕಣ್ಣು ಹಾಳೆಯ ಮೇಲೆ ಬಿತ್ತು, ಹೆಬ್ಬಾತಿನ ಜಾಗದಲ್ಲಿ ಗಂಟೆ, ಎತ್ತಿದ ಚಮಚವನ್ನು ಕೆಳಗಿಟ್ಟ. ಅಪ್ಪಾ, ಅಂದೆ, ಏಪ್ರನ್ನಿಗೆ ಕೈ ಒರೆಸಿಕೊಂಡೆ, ಮತ್ತೆ ಒರೆಸಿಕೊಂಡೆ, ಕಣ್ಣೆದುರು ಅದೊಂದೇ, ಕತ್ತು, ಮಡಿಕೆ, ಒಳಗಿಳಿದ ಕಪ್ಪು, ಕತ್ತು, ಮಡಿಕೆ — ಟ್ಯಾಬಿ ಲಕೋಟೆಯನ್ನು ಅಂಚು ಹಿಡಿದೇ ತಂದು ಅವನ ಬಟ್ಟಲ ಪಕ್ಕ ಇಟ್ಟಳು, ಅಜ್ಜಾ, ಈ ಹೆಬ್ಬಾತನ್ನ ನೀನೇ ಒತ್ತಿದ್ದಾ?