ನಾಲ್ಕನೇ ಏಟು

ಲೋಟ ಹಾರಿಹೋಗಿ ಟೆಂಟಿನ ಬಟ್ಟೆಗೆ ಬಡಿಯಿತು. ಉಪ್ಪು ಸಕ್ಕರೆ ಬೆರೆಸಿದ ಬಿಸಿನೀರು ಸ್ಲೀಪಿಂಗ್ ಬ್ಯಾಗಿನ ಮೇಲೆಲ್ಲ ಚೆಲ್ಲಿತು. ಚನ್ನವೀರೇಶ ಬೀಸಿದ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು, "ಬೇಡ ಅಂದ್ನಲ್ಲ" ಎಂದ. ನಾಲಿಗೆ ಮಡಚಿಕೊಂಡು ಮಾತು ಪೂರ್ತಿ ಹೊರಗೆ ಬರಲಿಲ್ಲ.

ಶಿವರಂಜನಿ ಲೋಟ ಹೆಕ್ಕಿಕೊಂಡಳು. ಅವನು ತಳ್ಳಿದ್ದು ಇದು ಮೂರನೇ ಸಲ. ಫ್ಲಾಸ್ಕಿನಲ್ಲಿ ಇನ್ನು ಎರಡು ಲೋಟದಷ್ಟು ಉಳಿದಿತ್ತು. ಹೊರಗೆ ಮಧ್ಯಾಹ್ನದಿಂದ ಹಿಮ ಬೀಳುತ್ತಲೇ ಇತ್ತು. ಟೆಂಟಿನ ನೆತ್ತಿ ಭಾರಕ್ಕೆ ಜಗ್ಗಿ ಅವಳ ತಲೆಗೆ ತಾಗುತ್ತಿತ್ತು.

ಹಿಮಾಚಲದ ಹದಿಮೂರು ಸಾವಿರ ಅಡಿಯ ಆ ಜಾಗಕ್ಕೆ ಅವರು ಬಂದದ್ದು ಗೋವಿಂದರಾಜನಗರದ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವವರ ಗುಂಪಿನ ಜೊತೆ. ಎರಡು ಸಾವಿರದ ಎಂಟರ ಮೇ ತಿಂಗಳು. ಗುಂಪಿನ ಹಿರಿಯ ರೇವಣಸಿದ್ದಯ್ಯ ಹಾವೇರಿ ಕಡೆಯವರು, ನಿವೃತ್ತ ಡ್ರಿಲ್ ಮಾಸ್ತರರು. ಹೊರಡುವ ಮೊದಲು ಎರಡು ತಿಂಗಳು ಎಲ್ಲರ ಬೆನ್ನಿಗೂ ನೀರು ತುಂಬಿದ ಬಾಟಲಿಗಳನ್ನು ಹೇರಿ ಮಲ್ಲತ್ತಹಳ್ಳಿ ಕೆರೆಯ ಸುತ್ತ ನಡೆಸಿದ್ದರು. ನಡೆಯುವಾಗೆಲ್ಲ ಒಂದೇ ಪಾಠ. "ಮ್ಯಾಲ ಹೋದಂಗ ಹಸಿವು ಸಾಯ್ತದ, ನೀರಡಿಕೆನೂ ಸಾಯ್ತದ. ಅದನ್ನ ನಂಬಬ್ಯಾಡ್ರಿ. ದಿನಕ್ಕ ನಾಲ್ಕು ಲೀಟರ್ ನೀರು. ಬ್ಯಾಡ ಅನ್ನಿಸಿದ್ರೂ ಉಣ್ರಿ. ಉಚ್ಚಿ ಬಣ್ಣ ನೋಡ್ಕೋರಿ, ಚಾದಂಗ ಕಂಡ್ರ ನನಗ ಹೇಳ್ರಿ."

ಚನ್ನವೀರೇಶ ಹೇಳಲಿಲ್ಲ. ಮಾಗಡಿ ರೋಡಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ನಲವತ್ನಾಲ್ಕರ ಗಂಡಸು, ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ. ಆದರೆ ರಾತ್ರಿ ಟೆಂಟಿನಿಂದ ಎದ್ದು ಚಳಿಯಲ್ಲಿ ಮೂತ್ರಕ್ಕೆ ಹೋಗುವುದು ಅವನಿಗೆ ಬೇಡವಾಗಿತ್ತು. ಹಾಗಾಗಿ ಎರಡನೇ ಕ್ಯಾಂಪಿನಿಂದಲೇ ನೀರು ಬಿಟ್ಟ. ಬಾಟಲಿಯ ನೀರನ್ನು ಬಂಡೆಯ ಹಿಂದೆ ಚೆಲ್ಲಿ, ಖಾಲಿ ಬಾಟಲಿ ತೋರಿಸುತ್ತಿದ್ದ. ಚಪಾತಿಯನ್ನು ಹೇಸರಗತ್ತೆಗಳಿಗೆ ಹಾಕುತ್ತಿದ್ದ. ಶಿವರಂಜನಿ ಇದನ್ನು ನೋಡಿದ್ದಳು. ಒಮ್ಮೆ, "ಒಂಚೂರು ಕುಡೀರಿ" ಎಂದದ್ದಕ್ಕೆ ಅವನು ಅವಳ ಮೊಣಕೈಯ ಮೇಲಿನ ಮಾಂಸವನ್ನು ಬೆರಳುಗಳಲ್ಲಿ ಹಿಡಿದು ತಿರುಚಿದ್ದ, ಯಾರಿಗೂ ಕಾಣದ ಹಾಗೆ, ನಗುತ್ತಲೇ. ಆಮೇಲೆ ಅವಳು ಬಾಯಿ ಮುಚ್ಚಿಕೊಂಡಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಬಾಯಿ ಮುಚ್ಚಿಕೊಳ್ಳುವುದು ಅಭ್ಯಾಸವಾಗಿತ್ತು. ಸಾರು ಉಪ್ಪಾಯಿತು ಎಂದು ಒಮ್ಮೆ ಮಣಿಕಟ್ಟು ಮುರಿದಿದ್ದ. ಬಚ್ಚಲಲ್ಲಿ ಜಾರಿಬಿದ್ದೆ ಎಂದು ಡಾಕ್ಟರಿಗೆ ಹೇಳಿದ್ದಳು.

ಈಗ ಅವನು ಬೆಳಿಗ್ಗೆಯಿಂದ ನಾಲ್ಕು ಸಲ ವಾಂತಿ ಮಾಡಿಕೊಂಡು, ಅವಳನ್ನು ತನ್ನ ಅಂಗಡಿಯ ಕೆಲಸದವನ ಹೆಸರಿನಿಂದ ಕರೆಯುತ್ತಿದ್ದ. ತುಟಿಗಳು ಒಣಗಿ ಸಿಪ್ಪೆ ಎದ್ದಿದ್ದವು.

ಟೆಂಟಿನ ಬಾಯಿ ಸರಿಸಿ ರೇವಣಸಿದ್ದಯ್ಯನವರೂ ಗೈಡೂ ಒಳಗೆ ಬಗ್ಗಿದರು. ಗೈಡ್ ಚನ್ನವೀರೇಶನ ರೆಪ್ಪೆ ಎತ್ತಿ ನೋಡಿದ, ಉಗುರು ಒತ್ತಿ ನೋಡಿದ, ಹಿಂದಿಯಲ್ಲಿ ಏನೋ ಹೇಳಿದ.

"ಕೆಳಗ ಇಳಿಸಲೇಬೇಕು ಅಂತಾನವಾ" ಎಂದರು ರೇವಣಸಿದ್ದಯ್ಯ. "ಆದ್ರ ಈ ಗಾಳ್ಯಾಗ ಆ ಇಳಿಜಾರು ದಾಟಾಕ ಆಗಂಗಿಲ್ಲ. ಒಂದು ತಾಸು ಕಾಯಬೇಕು. ಅಲ್ಲೀತನಕ ಮಲಗಬಾರ್ದು. ಗುಟುಕು ಗುಟುಕು ನೀರು ಒಳಗ ಹೋಗಬೇಕು."

ಇಬ್ಬರೂ ಅವನನ್ನು ಎತ್ತಿ ಕೂರಿಸಿದರು. ಗೈಡ್ ಹಿಂದಿನಿಂದ ಎರಡು ತೋಳುಗಳನ್ನೂ ಬಿಗಿದು ಹಿಡಿದ. ಶಿವರಂಜನಿ ಲೋಟವನ್ನು ತುಟಿಗೆ ತಂದಳು. ಅವನು ಹಲ್ಲು ಕಚ್ಚಿದ. ಕಣ್ಣು ಮೇಲಕ್ಕೆ ಸರಿದು ತಲೆ ಎದೆಯ ಮೇಲೆ ಜೋತಿತು.

"ಹೊಡೀವಾ" ಎಂದರು ರೇವಣಸಿದ್ದಯ್ಯ.

ಅವಳು ಅವರ ಮುಖ ನೋಡಿದಳು.

"ಕಪಾಳಕ್ಕ ಹೊಡಿ. ಎಚ್ಚರಾಗಬೇಕು."

ಅವಳು ಕೈಗವಸು ತೆಗೆದು ಅವನ ಕೆನ್ನೆಗೆ ಮೆಲ್ಲಗೆ ತಟ್ಟಿದಳು. ಹದಿನಾಲ್ಕು ವರ್ಷದಲ್ಲಿ ಅವಳ ಅಂಗೈ ಅವನ ಕೆನ್ನೆಗೆ ಹಾಗೆ ತಾಗಿದ್ದು ಅದೇ ಮೊದಲು. ಎರಡು ದಿನದ ಗಡ್ಡ ಚುಚ್ಚಿತು.

"ಹಂಗಲ್ಲ, ಜೋರಾಗಿ. ನಾಚಿಕೊಂಡು ಕುಂತ್ರ ಮನಶಾ ಉಳಿಯಂಗಿಲ್ಲ!"

ಎರಡನೆಯದಕ್ಕೆ ಅವನ ತಲೆ ಅಲುಗಿತು. ಮೂರನೆಯದಕ್ಕೆ ಕಣ್ಣು ತೆರೆದವು. "ಕುಡೀರಿ" ಎಂದಳು. ನಾಲ್ಕನೆಯದು ಕಿವಿಯ ಬುಡಕ್ಕೇ ಬಿತ್ತು. ಅವನ ದವಡೆ ಸಡಿಲವಾಗಿ ಬಾಯಿ ತೆರೆಯಿತು, ಒಣಗಿದ ನಾಲಿಗೆ ಕಂಡಿತು. ಲೋಟ ಎಡಗೈಯಲ್ಲಿತ್ತು. ಬಲಗೈ ಮತ್ತೆ ಎದ್ದಿತು.

"ಕುಡಿಯೋ" ಎಂದಳು. ಹೊಡೆದಳು. "ಕುಡಿಯೋ! ಕುಡಿಯೋ!" ತುಟಿ ಒಡೆದು ರಕ್ತ ಗಡ್ಡಕ್ಕೆ ಇಳಿಯಿತು. ತೋಳು ಬಿಗಿಸಿ ಹಿಡಿಸಿಕೊಂಡಿದ್ದ ಅವನಿಗೆ ಕೈ ಅಡ್ಡ ತರಲು ಆಗಲಿಲ್ಲ, ಮುಖವನ್ನು ಅತ್ತಿತ್ತ ತಿರುಗಿಸುತ್ತ ಪ್ರಾಣಿಯಂತೆ ಮುಲುಗಿದ. ಅವಳಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ಹೊಡೆಯುತ್ತಿದ್ದಳು. ಮುರಿದು ಕೂಡಿದ ಮಣಿಕಟ್ಟು ಒಂದೊಂದು ಏಟಿಗೂ ಭುಜದವರೆಗೆ ಸಿಡಿಯುತ್ತಿತ್ತು. ಆ ನೋವು ಅವಳಿಗೆ ಬೇಕೆನಿಸಿತು.

ರೇವಣಸಿದ್ದಯ್ಯ ಅವಳ ಕೈ ಹಿಡಿದರು. "ಸಾಕವಾ. ಸಾಕು, ಬಾಯಿ ತಗದಾನ." ಅವಳ ಮುಖವನ್ನೊಮ್ಮೆ ನೋಡಿದರು. ಲೋಟವನ್ನು ತಾವೇ ತೆಗೆದುಕೊಂಡು ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಿದರು. ರಕ್ತ ಬೆರೆತ ನೀರನ್ನು ಅವನು ನುಂಗಿದ.

ಗಾಳಿ ಇಳಿದ ಮೇಲೆ ಗೈಡೂ ಇಬ್ಬರು ಕೂಲಿಗಳೂ ಅವನನ್ನು ಸರದಿಯ ಮೇಲೆ ಬೆನ್ನಿಗೆ ಕಟ್ಟಿಕೊಂಡು ಇಳಿದರು. ಮರಗಳು ಶುರುವಾಗುವ ಜಾಗ ತಲುಪುವ ಹೊತ್ತಿಗೆ ಅವನು ಮೂತ್ರಕ್ಕೆ ಹೋಗಬೇಕು ಎಂದ. ಆಮೇಲೆ ಗಂಜಿ ಕೇಳಿದ.

ಊರಿಗೆ ಬಂದ ಮರುವಾರ, ಭಾನುವಾರ, ಪಾರ್ಕಿನ ಪಕ್ಕದ ಹಾಲ್‌ನಲ್ಲಿ ಹೋಗಿ ಬಂದವರಿಗೆಲ್ಲ ಶಾಲು ಹೊದಿಸಿದರು. ವಾಕಿಂಗ್ ಗುಂಪಿನ ವಿಮಲಮ್ಮ ಮೈಕು ಹಿಡಿದು, "ನಮ್ಮ ರಂಜನಿ ಗಂಡನಿಗೆ ಹೊಡೆದೂ ಹೊಡೆದೂ ಜೀವ ಉಳಿಸಿದ್ಲು ಕಣ್ರೀ! ಇಂಥ ಚಾನ್ಸ್ ನಮಗೆಲ್ಲಿ ಸಿಗುತ್ತೆ?" ಎಂದಾಗ ಹಾಲ್ ಪೂರ್ತಿ ನಕ್ಕಿತು. ಚನ್ನವೀರೇಶನೂ ನಕ್ಕ. ರೇವಣಸಿದ್ದಯ್ಯ ಮಾತ್ರ ನಗದೆ ತಮ್ಮ ಶಾಲಿನ ಅಂಚು ಮಡಚುತ್ತ ಕುಳಿತಿದ್ದರು.

ಮನೆಗೆ ಬಂದಾಗ ಬೆಳಿಗ್ಗೆ ಹನ್ನೊಂದೂವರೆ. ಶಿವರಂಜನಿ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಚನ್ನವೀರೇಶ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕೆಳತುಟಿಯ ಗಾಯ ಇನ್ನೂ ಕಪ್ಪಗಿತ್ತು.

"ಹನ್ನೊಂದು ಏಟು" ಎಂದ. "ನನಗೆ ಜ್ಞಾನ ಇರ್ಲಿಲ್ಲ ಅಂದ್ಕೊಂಡಿದೀಯಾ? ನಾಲ್ಕನೇ ಏಟಿಗೇ ಬಾಯಿ ತೆಗೆದಿದ್ದೆ ಕಣೇ. ನೀನು ನೋಡ್ಲಿಲ್ವಾ?"

ಅವಳು ಸೌಟು ಕೆಳಗಿಟ್ಟಳು. ನೋಡಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ.

"ನೋಡಿದೆ" ಎಂದಳು.

ಅವನು ಜಡೆ ಹಿಡಿದು ಎಳೆದ ರಭಸಕ್ಕೆ ಅವಳ ಹಣೆ ಕಪಾಟಿನ ಅಂಚಿಗೆ ಬಡಿಯಿತು. ಮುಷ್ಟಿ ಪಕ್ಕೆಗೆ ಬಿತ್ತು. ಅವಳು ಕಲ್ಲುಕಟ್ಟೆಗೆ ಆತು ಕುಸಿದಳು. ಇಂಥ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಅತ್ತೆ ಬಸವ್ವ ಟೀವಿ ಸದ್ದು ಜೋರು ಮಾಡುವುದು ರೂಢಿ. ಇವತ್ತು ಸದ್ದು ಏರಲಿಲ್ಲ. ಹಾಲು ಉಕ್ಕುವ ಸದ್ದು ಮಾತ್ರ ಕೇಳಿಸಿತು. ಶಿವರಂಜನಿ ಎದ್ದು ಇಕ್ಕಳದಲ್ಲಿ ಪಾತ್ರೆ ಹಿಡಿದಳು.

"ಮುಂದೆ ಬರಬೇಡಿ."

"ಏನ್ಮಾಡ್ತೀಯೇ?" ಎಂದು ಅವನು ಮುಂದೆ ಬಂದ.

ಮುಖಕ್ಕೆ ಎರಚಬೇಕೆಂದು ಎತ್ತಿದ ಪಾತ್ರೆಯನ್ನು ಕೊನೆಯ ಗಳಿಗೆಯಲ್ಲಿ ಅವಳು ಕೆಳಕ್ಕೆ ಬಾಗಿಸಿದಳು. ಕುದಿಯುವ ಹಾಲು ಅವನ ಎರಡು ಪಾದಗಳ ಮೇಲೂ ಬಿತ್ತು. ಅವನು ಕಿರುಚಿ ಹಿಂದಕ್ಕೆ ಜಿಗಿದು, ಜಾರಿ, ನೆಲಕ್ಕೆ ಬಿದ್ದ.

ಬಸವ್ವ ಬಾಗಿಲಲ್ಲಿ ನಿಂತಿದ್ದಳು. ಮಗನ ಕೆಂಪಾಗುತ್ತಿದ್ದ ಪಾದಗಳನ್ನೂ ಸೊಸೆಯ ಹಣೆಯ ರಕ್ತವನ್ನೂ ನೋಡಿದಳು.

"ಅವ್ವಾ, ಪೊಲೀಸ್‌ಗೆ ಫೋನ್ ಮಾಡು! ಕೊಂದೇಬಿಡ್ತಾಳೆ ಇವಳು!"

"ಮಾಡ್ತೀನಿ" ಎಂದಳು ಬಸವ್ವ. "ಬರಲಿ ಅವರು. ಆ ಕೈ ಹೆಂಗ ಮುರೀತು ಅನ್ನೋದನ್ನೂ ನಾನೇ ಹೇಳ್ತೀನಿ." "ಈಗ ಏಳು. ಬಚ್ಚಲಿಗೆ ಹೋಗಿ ಕಾಲು ನಳದ ಕೆಳಗ ಹಿಡಿ."

ಅವನು ತಾಯಿಯ ಮುಖವನ್ನೇ ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡು, ಹಿಮ್ಮಡಿಯ ಮೇಲೆ ನಡೆಯುತ್ತ ಬಚ್ಚಲಿಗೆ ಹೋದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು.

"ನೀ ಹೊರಗ ಹೋಗಿ ಕುಂದ್ರು" ಎಂದಳು ಬಸವ್ವ ಸೊಸೆಗೆ. ಸೆರಗಿನಿಂದ ಅವಳ ಹಣೆ ಒತ್ತಲು ಬಂದವಳು, ಅರ್ಧಕ್ಕೇ ಕೈ ಹಿಂದಕ್ಕೆ ತೆಗೆದುಕೊಂಡಳು.

ಶಿವರಂಜನಿ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, ಇಕ್ಕಳವನ್ನು ಮಾತ್ರ ಬಿಡದೆ, ಮೆಟ್ಟಿಲ ಮೇಲೆ ಬಂದು ಕುಳಿತಳು. ಬೀದಿಯಲ್ಲಿ ಬಿಸಿಲಿತ್ತು. ಒಳಗೆ ಬಸವ್ವ ನೆಲಕ್ಕೆ ನೀರು ಸುರಿದು ಪೊರಕೆಯಾಡಿಸುತ್ತಿದ್ದಳು. ಗೋಡೆಯ ತೂತಿನಿಂದ ಹಾಲು ಬೆಳ್ಳಗೆ ಹೊರಬಂದು ಮೋರಿಯ ಕಲ್ಲಿನ ಮೇಲೆ ಹರಡಿತು. ಪಕ್ಕದ ಮನೆಯ ಬೆಕ್ಕು ಓಡಿಬಂದು ಮೂತಿ ಇಟ್ಟಿತು, ಬಿಸಿ ತಾಗಿ ಹಿಂದೆ ಸರಿಯಿತು. ಆಮೇಲೆ ಮುಂಗಾಲುಗಳನ್ನು ಜೋಡಿಸಿಕೊಂಡು, ಹಾಲನ್ನೇ ನೋಡುತ್ತ ಕಾದು ಕುಳಿತಿತು.