ತಮ್ಮನ ಫೋನಿಗೆ ಬಂದ ಆರು ಅಂಕಿ

ನನ್ನ ತಮ್ಮ ಬೀಗ ರಿಪೇರಿ ಮಾಡುತ್ತಿದ್ದವನು. ಒಂದು ಬೆಳಿಗ್ಗೆ ಅಂಗಡಿಯ ಕದ ತೆರೆದವನು ಅಲ್ಲೇ ಕುಸಿದ. ಆಸ್ಪತ್ರೆಗೆ ಒಯ್ಯುವ ಮೊದಲೇ ದೇವರು ಅವನನ್ನು ಕರೆದುಕೊಂಡಿದ್ದ. ಸುದ್ದಿ ತಿಳಿದ ಆ ದಿನ ಮನೆಯಲ್ಲಿ ಯಾರಿಗೂ ಕೈಕಾಲು ಆಡಲಿಲ್ಲ. ಬಂಧುಗಳಿಗೆ ತಿಳಿಸಲು ಅವನದೊಂದು ಫೋಟೋ ಬೇಕಾಯಿತು. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ ಮನುಷ್ಯ. ಮುಖ ನೆಟ್ಟಗೆ ಕಾಣುತ್ತಿದ್ದುದು ಗುರುತಿನ ಚೀಟಿಯಲ್ಲಿ ಮಾತ್ರ. ಅವನ ಮಗಳು ಅಳುತ್ತಲೇ ಆ ಚೀಟಿಯ ಚಿತ್ರ ತೆಗೆದು, "ನಮ್ಮಪ್ಪ ಇನ್ನಿಲ್ಲ" ಎಂದು ಬರೆದು, ಅವನ ಫೋನ್ ನಂಬರನ್ನೂ ಸೇರಿಸಿ ಎಲ್ಲ ಗುಂಪುಗಳಿಗೂ ಕಳಿಸಿದಳು. ಚೀಟಿಯ ಸಂಖ್ಯೆ, ಹುಟ್ಟಿದ ದಿನ, ವಿಳಾಸ ಎಲ್ಲವೂ ಅದರಲ್ಲಿದ್ದವು. ನಮಗೆ ಕಂಡದ್ದು ಮುಖವೊಂದೇ.

ತಮ್ಮನ ಹೆಂಡತಿ ಅವನ ಫೋನನ್ನು ಕೈಯಿಂದ ಬಿಡುತ್ತಿರಲಿಲ್ಲ. ಅವಳ ಸ್ವಂತ ಫೋನು ಕೆಟ್ಟುಹೋಗಿತ್ತು; ಅವನು ಕಳಿಸಿದ್ದ ಧ್ವನಿ ಸಂದೇಶಗಳು ಈಗ ಇದರಲ್ಲಷ್ಟೇ ಉಳಿದಿದ್ದವು. "ಬರ್ತಾ ಏನಾದ್ರೂ ತರ್ಲೇನೇ?" ಎಂಬುದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು.

ಕೆಲವು ದಿನಗಳ ಬಳಿಕ ಆ ಫೋನು ರಿಂಗಾಯಿತು. ಬ್ಯಾಂಕಿನಿಂದ ನಿವೃತ್ತಳಾದ ಪಕ್ಕದ ಮನೆಯಾಕೆ, ನಾವೆಲ್ಲ ಬ್ಯಾಂಕಿನಕ್ಕ ಎನ್ನುವವಳು, ಮಾತಾಡಿಸಲು ಬಂದು ಕೂತಿದ್ದಳು. ಸ್ಪೀಕರಿನಲ್ಲಿ ಗಂಡಸಿನ ದನಿ ಕೇಳಿತು.

"ಅಮ್ಮಾ, ಫೋನ್ ಕಂಪನಿಯಿಂದ. ನಿಮ್ಮ ಯಜಮಾನ್ರು ತೀರಿಕೊಂಡಿದ್ದಾರೆ ಅಂತ ಗೊತ್ತಾಯ್ತು," ಎಂದವನು ತಮ್ಮನ ಹುಟ್ಟಿದ ದಿನ, ವಿಳಾಸವನ್ನೂ ತಪ್ಪಿಲ್ಲದೆ ಹೇಳಿದ. " ಈ ನಂಬರು ಸಂಜೆಗೆ ಬಂದ್ ಆಗುತ್ತೆ. ಫೋನಲ್ಲಿ ಇರೋದೆಲ್ಲ ಅಳಿಸಿ ಹೋಗುತ್ತೆ."

"ಅಯ್ಯೋ, ಹಾಗೆ ಮಾಡ್ಬೇಡಿಪ್ಪಾ!"

"ಉಳೀಬೇಕಂದ್ರೆ ಈಗ ಮೆಸೇಜಲ್ಲಿ ಬಂದಿರೋ ಆರು ಅಂಕಿ ಹೇಳಿ. ಬೇಗ!"

ಅವಳು ಮೆಸೇಜು ತೆರೆದು ಓದತೊಡಗಿದಳು. "ನಾಲ್ಕು... ಏಳು..."

ಬ್ಯಾಂಕಿನಕ್ಕ ಫೋನಿನ ಮೇಲೆ ಅಂಗೈ ಒತ್ತಿದಳು. "ಬಾಯಿ ಮುಚ್ಚು! ಇನ್ನೊಂದು ಅಂಕಿ ಹೇಳಬೇಡ."

"ಬಿಡಕ್ಕಾ! ಅವರ ದನಿ ಹೋಗ್ಬಿಡುತ್ತೆ. ಹುಟ್ಟಿದ ದಿನ, ವಿಳಾಸ, ಎಲ್ಲಾ ಸರಿಯಾಗಿ ಹೇಳಿದ್ನಲ್ಲ. ಕಳ್ಳನಿಗೆ ಅದೆಲ್ಲ ಹೇಗೆ ಗೊತ್ತಿರುತ್ತೆ?"

"ಊರಿಗೆಲ್ಲ ಹಂಚಿದೋರು ನೀವೇ ಅಲ್ವೇನೇ ತಾಯಿ! ನಂಗೂ ಬಂದಿದೆ ಆ ಚೀಟಿ."

ಅತ್ತಲಿಂದ ದನಿ ಗಡುಸಾಯಿತು. "ಯಾರಮ್ಮಾ ಅದು ಪಕ್ಕದಲ್ಲಿ? ಸತ್ತವರ ಫೋನ್ ಇಟ್ಕೊಳ್ಳೋದು ಅಪರಾಧ. ಪೊಲೀಸರನ್ನ ಕಳಿಸ್ಲಾ?"

"ಭಾವಾ, ನೀವಾದ್ರೂ ಹೇಳಿ..." ಎಂದು ಅವಳು ನನ್ನತ್ತ ತಿರುಗಿದಳು. ನಾನು ಬ್ಯಾಂಕಿನಕ್ಕನ ಮುಖ ನೋಡಿದೆ.

ಬ್ಯಾಂಕಿನಕ್ಕ ಮೆಲ್ಲಗೆ ಕೇಳಿದಳು: "ಬೀದೀಲಿ ನಿಂತೋನು ಯಾರದೋ ಮನೆ ತೋರಿಸಿ ಕೀ ಮಾಡಿಕೊಡು ಅಂದ್ರೆ ನಿನ್ನ ಗಂಡ ಮಾಡಿಕೊಡ್ತಿದ್ರಾ?"

"ಇಲ್ಲ. ಮನೆಯವರನ್ನ ಕರ್ಕೊಂಡು ಬಾ ಅಂತಿದ್ರು."

"ಇದೂ ಕೀನೇ. ಅಂಕಿ ಬಿಡು, ಮೆಸೇಜಿನ ಮೇಲಿನ ಸಾಲು ಓದು."

ಅವಳು ಕಣ್ಣೊರೆಸಿಕೊಂಡು ಓದಿದಳು. ತಮ್ಮನ ಬ್ಯಾಂಕ್ ಖಾತೆಯನ್ನು ಹೊಸ ಫೋನಿನಲ್ಲಿ ತೆರೆಯಲು ಬಂದ ಒಟಿಪಿ ಅದು. ಯಾರಿಗೂ ಹೇಳಬೇಡಿ ಎಂದೂ ಬರೆದಿತ್ತು. ಅಂಗಡಿಯ ದುಡಿಮೆಯೆಲ್ಲ ಇದ್ದುದು ಆ ಖಾತೆಯಲ್ಲೇ. ಅವಳು ಕರೆ ಕತ್ತರಿಸಿದಳು. ಫೋನು ಮತ್ತೆ ಬಡಿದುಕೊಂಡಿತು, ಮತ್ತೆ ಮತ್ತೆ ಬಡಿದುಕೊಂಡಿತು. ನಾವು ನೋಡುತ್ತ ಕೂತೆವು. ಯಾರೂ ಮುಟ್ಟಲಿಲ್ಲ.

ಅದು ನಿಂತ ಮೇಲೆ ಬ್ಯಾಂಕಿನಕ್ಕ ಧ್ವನಿ ಸಂದೇಶಗಳನ್ನು ಮಗಳ ಫೋನಿಗೂ ನಕಲು ಮಾಡಿಸಿದಳು. ಮಗಳು ಚೀಟಿಯ ಚಿತ್ರವನ್ನು ಅಳಿಸಿ, ಬಂಧುಗಳಿಗೂ ಅಳಿಸಲು ಹೇಳಿದಳು. ಆ ಗಳಿಗೆಯಲ್ಲೇ ನಾವು ಬ್ಯಾಂಕಿಗೆ ಹೋಗಿ ಸಾವಿನ ವಿಷಯ ತಿಳಿಸಿ ಖಾತೆಯ ವ್ಯವಹಾರ ತಡೆಹಿಡಿಸಿದೆವು. ಸೈಬರ್ ಪೊಲೀಸರಿಗೂ ದೂರು ಕೊಟ್ಟೆವು. ದುಡ್ಡು ಹೋಗಿರಲಿಲ್ಲ.

"ಇನ್ನು ಯಾರೇ ಕೇಳಲಿ, ಎದುರಿಗೆ ಬಂದು ಕೇಳಿ ಅಂತೀನಿ ಭಾವಾ," ಎಂದಳು ತಮ್ಮನ ಹೆಂಡತಿ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ದುಃಖದಲ್ಲಿರುವ ಮನೆಯನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಗುರುತಿನ ಚೀಟಿಯ ಚಿತ್ರವನ್ನು ಗುಂಪುಗಳಲ್ಲಿ ಹಾಕಬೇಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಅವಸರಪಡಿಸಿದರೆ, ಹೆದರಿಸಿದರೆ ಫೋನಿಟ್ಟು ನೇರವಾಗಿ ಕಚೇರಿಗೇ ಹೋಗಿ ವಿಚಾರಿಸಿ. ಮೋಸ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ಆ ಕ್ಷಣವೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ತೀರಿಕೊಂಡವರ ಹೆಸರಿಗೂ ಕಾವಲು ಬೇಕು.

ದೇವರೇ, ದುಡಿದು ದಣಿದ ನನ್ನ ತಮ್ಮನನ್ನು ನಿನ್ನ ಬಳಿ ನೆಮ್ಮದಿಯಾಗಿ ಇರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು.