ಸಂಗ್ರಹಾಲಯದ ಡೇರೆ

ಚಳಿಗಾಲದ ಶಿಬಿರದ ಎರಡನೆಯ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿತ್ತು. ಹನ್ನೆರಡು ಸ್ಕೌಟ್ ಮಕ್ಕಳಲ್ಲಿ ಹನ್ನೊಂದು ಮಂದಿ ಒಲೆಯ ಸುತ್ತ ಕೈ ಕಾಯಿಸಿಕೊಳ್ಳುತ್ತಿದ್ದರೆ, ಚೂಟಿ ಎಂದು ಎಲ್ಲರೂ ಕರೆಯುವ ಹುಡುಗಿ ಮಾತ್ರ ಹಗ್ಗದ ತುಂಡು ಹಿಡಿದು ಗೂಟದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಗಂಟಿನ ಪರೀಕ್ಷೆಯಲ್ಲಿ ಅವಳು ಎರಡು ಸಲ ಡುಮ್ಕಿ ಹೊಡೆದಿದ್ದಳು. ಒಬ್ಬಳೇ ಇದ್ದಾಗ ಸಲೀಸಾಗಿ ಬೀಳುವ ಬಿಗಿಗಂಟು, ಯಾರಾದರೂ ನೋಡುತ್ತಿದ್ದರೆ ಬೆರಳಿಗೆ ಮರೆತೇ ಹೋಗುತ್ತಿತ್ತು. ಇವತ್ತು ಸಂಜೆ ಕೊನೆಯ ಅವಕಾಶ. ತಪ್ಪಿದರೆ ತಂಡದ ನಾಯಕತ್ವ ಅವಳ ಚಿಕ್ಕಪ್ಪನ ಮಗನಿಗೆ.

"ನಾನು ನಾಯಕ ಆದ್ರೆ ಪಾತ್ರೆ ತೊಳೆಯೋ ಕೆಲಸ ನಿಂಗೇ ಕಣೇ," ಎಂದ ಅವನು.

"ತಿಂದ ತಟ್ಟೆ ಎತ್ತಿಡೋಕೆ ಬರಲ್ಲ, ನಾಯಕನಂತೆ ನಾಯಕ!"

ಅವರ ಮಾಸ್ತರು ವಾರವೆಲ್ಲ ಬಡಗಿ, ರಜೆಯಲ್ಲಿ ಸ್ಕೌಟ್ ಮಾಸ್ತರು. ಡೇರೆಯ ಪಕ್ಕ ಹಾದುಹೋಗುವವರು ಅದರ ಹಗ್ಗವನ್ನು ಬೆರಳಿನಿಂದ ಮೀಟಿ ನೋಡಬೇಕು, ಸಡಿಲವಿದ್ದರೆ ಬಿಗಿಮಾಡಿಯೇ ಮುಂದೆ ಹೋಗಬೇಕು ಎಂಬುದು ಅವರು ಹಾಕಿಕೊಟ್ಟ ಪದ್ಧತಿ. ಡೇರೆ ಯಾರದಾದರೂ ಸರಿ. ಮಕ್ಕಳಿಗೆ ಅದೆಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನೂ ಮೀಟದೆ ಬಿಡುತ್ತಿರಲಿಲ್ಲ.

ಹತ್ತು ಗಂಟೆಗೆ ಎಲ್ಲರೂ ಯುದ್ಧ ಸಂಗ್ರಹಾಲಯಕ್ಕೆ ನಡೆದರು. ಬಾಗಿಲಲ್ಲೇ ಮಾಸ್ತರು ಬೆರಳೆತ್ತಿದರು. "ಒಳಗೆ ಏನನ್ನೂ ಮುಟ್ಟೋ ಹಾಗಿಲ್ಲ. ಮುಟ್ಟಿದವರಿಗೆ ಸಂಜೆ ಪರೀಕ್ಷೆ ಇಲ್ಲ."

ತುಕ್ಕು ಹಿಡಿದ ಕತ್ತಿಗಳು, ಗುಂಡು ತೂರಿದ ನೀರಿನ ಕ್ಯಾನು, ಎಲ್ಲ ನೋಡಿ ಕೊನೆಯ ಕೋಣೆಗೆ ಬಂದರು. ಅಲ್ಲಿ ಒಂದು ಕಡೆ ಫಿರಂಗಿ, ಇನ್ನೊಂದು ಕಡೆ ಮರಳು ಹಾಸಿ ನಿಲ್ಲಿಸಿದ ಸೈನಿಕರ ಡೇರೆ. ಅದರ ಒಂದು ಮೂಲೆ ಜೋತುಬಿದ್ದು, ಒಳಗಿದ್ದ ಗೊಂಬೆ ಸೈನಿಕನ ಟೋಪಿಯ ಮೇಲೆ ಕೂತಿತ್ತು. ಉಳಿದವರು ಫಿರಂಗಿಯ ಬಾಯೊಳಗೆ ಇಣುಕುತ್ತಿದ್ದಾಗ ಚೂಟಿ ಡೇರೆಯ ಪಕ್ಕ ಹಾದುಹೋದಳು. ಬೆರಳು ತಾನಾಗಿ ಹಗ್ಗ ಮೀಟಿತು. ಹಗ್ಗ ಸಡಿಲವಾಗಿತ್ತು. ಅವಳಿಗೆ ಎಚ್ಚರವಾಗುವಷ್ಟರಲ್ಲಿ ಕೈ ಗಂಟು ಹಾಕಿ ಮುಗಿಸಿತ್ತು. ಮೂಲೆ ಸೆಟೆದು ಮೇಲೆದ್ದಿತು, ಕಬ್ಬಿಣದ ಟೋಪಿ ಢಣ್ಣನೆ ಕೆಳಗುರುಳಿತು.

ಕಾವಲಿನ ತಾತ ಹಿತ್ತಾಳೆ ಗುಂಡಿಯ ಕೋಟು ಎಳೆದುಕೊಳ್ಳುತ್ತ ಓಡಿಬಂದ. "ಯಾರು ನನ್ನ ಡೇರೆ ಮುಟ್ಟಿದ್ದು?"

"ಗಾಳಿ ಇರಬೇಕು ತಾತ," ಎಂದ ಚಿಕ್ಕಪ್ಪನ ಮಗ. ಕಿಟಕಿಗಳೆಲ್ಲ ಮುಚ್ಚಿದ್ದವು.

"ನಾನು," ಎಂದಳು ಚೂಟಿ.

ಮಾಸ್ತರ ಮುಖ ಸಣ್ಣದಾಯಿತು. ಎಲ್ಲರೆದುರು ಆಡಿದ ಮಾತು, ಹಿಂದೆ ತೆಗೆದುಕೊಳ್ಳುವಂತಿಲ್ಲ.

ತಾತ ಬಗ್ಗಿ ಗಂಟನ್ನು ಮೇಲೆ ಸರಿಸಲು ನೋಡಿದ, ಕೆಳಗೆ ಸರಿಸಲು ನೋಡಿದ, ಎಳೆದ. ಅದು ಅಲ್ಲಾಡಲಿಲ್ಲ. "ನೀನೇ ಕಟ್ಟಿದ್ದಾ?"

"ಹೂಂ. ಮೊದಲು ಯಾರೋ ತಪ್ಪು ಕಟ್ಟಿದ್ರು ತಾತ."

"ಯಾರೋ ಅಲ್ಲ, ನಾನೇ!" ಎಂದ ತಾತ. ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದೆ ಕಣಮ್ಮ, ಅಡುಗೆಮನೇಲಿ. ಸೌಟು ಬಿಟ್ಟು ಬೇರೇನೂ ಹಿಡಿದೋನಲ್ಲ. ಇಲ್ಲಿ ಸಾಹೇಬರು, ನೀನು ಸೈನಿಕ, ಡೇರೆ ಹಾಕು ಅಂದ್ರು. ಬರಲ್ಲ ಅನ್ನೋಕೆ ನಾಚಿಕೆ. ವಾರಕ್ಕೆರಡು ಸಲ ಮಗುಚಿಕೊಳ್ಳುತ್ತೆ, ಹಾಳಾದ್ದು." ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ. "ಕಲಿಸು, ಟೀಚರಮ್ಮ."

ಚೂಟಿ ಮಾಸ್ತರನ್ನು ನೋಡಿದಳು. ಅವರು ಕಿವಿ ತುರಿಸಿಕೊಂಡರು. "ಅವರ ಡೇರೆ. ಅವರೇ ಮುಟ್ಟು ಅಂತಿದ್ದಾರಲ್ಲ."

ಎಲ್ಲರೂ ಸುತ್ತುವರಿದು ನಿಂತರು. ಆದರೆ ಚೂಟಿಯ ಕಣ್ಣೆಲ್ಲ ತಾತನ ದಪ್ಪ ಬೆರಳುಗಳ ಮೇಲೆ. "ಒಳಗೆ ಎರಡು ಸುತ್ತು, ಹೊರಗೆ ಒಂದು... ಅಯ್ಯೋ ತಾತ, ಅದು ಹೊರಗಾ? ಬಿಚ್ಚಿ, ನಾನು ಇನ್ನೊಂದ್ಸಲ ಹಾಕ್ತೀನಿ, ನೋಡಿ." ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ನಾಲ್ಕನೆಯ ಹಗ್ಗಕ್ಕೆ ತಾತ ತಾನೇ ಗಂಟು ಹಾಕಿ ತೊಡೆ ತಟ್ಟಿಕೊಂಡ.

ಮಾಸ್ತರು ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಪರೀಕ್ಷೆಯ ಪುಸ್ತಕದಲ್ಲಿ ಚೂಟಿಯ ಹೆಸರಿನ ಮುಂದೆ ಗುರುತು ಹಾಕಿದರು. "ಸಂಜೆ ನಿಂಗೆ ಪರೀಕ್ಷೆ ಇಲ್ಲ. ಈಗಲೇ ಆಯ್ತು."

ಅವಳಿಗೆ ಅದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮುಖ ಕೆಂಪಾಯಿತು. ಇನ್ನೂ ನಾಲ್ಕು ಹಗ್ಗ ಉಳಿದಿದ್ದವು.

"ಏಯ್, ಬಾಯಿಬಿಟ್ಕೊಂಡು ನಿಂತಿದ್ದೀಯಲ್ಲ," ಎಂದಳು ಚಿಕ್ಕಪ್ಪನ ಮಗನಿಗೆ. "ಆ ಗೂಟ ಹಿಡ್ಕೋ."

ಅವನು ಗೊಣಗುತ್ತ ಹೋಗಿ ಹಿಡಿದುಕೊಂಡ.